ಒಡೆಯದೇ ಉಳಿದ ಗಾಜು

"ಇಳೀರಿ ಕೆಳಗೆ! ಮೊದಲು ಇಳೀರಿ ಅಂದೆ!"

ಬೆನ್ನ ಹಿಂದಿನಿಂದ ಬಂದ ಗಂಡು ದನಿಗೆ ಅವಳು ಏಣಿಯ ಮೇಲೇ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಗಾಜಿನ ಪಟ್ಟಿ ಜಾರಿ ಕಲ್ಲು ನೆಲಕ್ಕೆ ಬಿದ್ದು ಚೂರುಚೂರಾಯಿತು.

ತಿರುಗಿ ನೋಡಿದರೆ... ಬಾಗಿಲ ತುಂಬ ನಿಂತಿದ್ದ ಎತ್ತರದ ಆಳು. ಮಡಚಿದ ತೋಳಿನ ಅಂಗಿ, ಮೊಣಕೈವರೆಗೂ ಕಿಟಕಿ ಗಾಜಿಗೆ ಮೆತ್ತುವ ಪುಟ್ಟಿಯ ಬಿಳಿ, ಮುಖ ಕೆಂಪಗೆ.

"ಹೆಸರು ಕೆತ್ತೋಕೆ ಬೇರೆ ಗೋಡೆ ಸಿಗಲಿಲ್ವಾ ನಿಮಗೆ? ಎಲ್ಲಿ ಅವನು?"

"ಯಾರು?"

"ಅದೇ, ನಿಮ್ಮ ಜೊತೆ ಬಂದವನು. ಒಬ್ಬರೇ ಬಂದು ಯಾರೂ ಗೋಡೆ ಕೆತ್ತಲ್ಲ. ಒಬ್ಬರು ಕೆತ್ತುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ನಿಂತು ನಗ್ತಾರೆ. ಪ್ರೇಮಿಗಳ ಕಾಟ ಸಾಕಾಗಿ ಹೋಗಿದೆ ನಮಗೆ!"

ಅವಳಿಗೆ ಪಿತ್ತ ನೆತ್ತಿಗೇರಿತು. ಏಣಿಯಿಂದ ಸರಸರ ಇಳಿದು ಅವನ ಮುಂದೆ ನಿಂತಳು. ಅವನ ಭುಜದೆತ್ತರಕ್ಕೂ ಬರುತ್ತಿರಲಿಲ್ಲ, ಆದರೆ ದನಿಗೇನೂ ಕಮ್ಮಿ ಇರಲಿಲ್ಲ.

"ನಾನು ಒಬ್ಬಳೇ ಬಂದಿರೋದು. ಕೆತ್ತೋಕಲ್ಲ. ನಿಮ್ಮ ಈ ಬುರುಜು ನಿಲ್ಲುತ್ತಾ, ಬೀಳುತ್ತಾ ಅಂತ ನೋಡೋಕೆ! ಟ್ರಸ್ಟಿನವರು ಹೇಳಿಲ್ವಾ ಎಂಜಿನಿಯರ್ ಬರ್ತಾರೆ ಅಂತ?"

ಅವನ ಮುಖದ ಕೋಪ ಇಳಿಯಿತು. ಆದರೆ ಅದರ ಜಾಗದಲ್ಲಿ ಬಂದು ಕೂತಿದ್ದು ಸ್ನೇಹವಲ್ಲ. ಅವಳನ್ನು ಅಡಿಯಿಂದ ಮುಡಿವರೆಗೆ ಅಳೆದು, ನಿಧಾನವಾಗಿ ಹೇಳಿದ.

"ಓಹೋ... ಮುಚ್ಚಿಸೋಕೆ ಬಂದಿರೋದು ನೀವೇನಾ?"

ಇದಪ್ಪಾ ಮೊದಲ ಭೇಟಿ! ಕಣ್ಣು ಕಣ್ಣು ಕಲೆತಿದ್ದೇನೋ ನಿಜ, ಆದರೆ ಎರಡೂ ಕಡೆಯಿಂದ ಅನುಮಾನವೇ.

ಅವಳ ಕೆಲಸ ಬಿರುಕು ನೋಡುವುದು. ಹಳೆಯ ಕಟ್ಟಡಗಳ ಗೋಡೆಯಲ್ಲಿ ಬಿಟ್ಟ ಬಿರುಕು ಸತ್ತಿದೆಯೋ, ಇನ್ನೂ ಬೆಳೆಯುತ್ತಿದೆಯೋ ಹೇಳಬೇಕು. ಆಫೀಸಿನಲ್ಲಿ ಅವಳಿಗೆ 'ಬಿರುಕು ಮೇಡಂ' ಅಂತಲೇ ಅಡ್ಡಹೆಸರು. ಮದುವೆ ಮಾತುಕತೆ ಮುರಿದುಬಿದ್ದ ಮೇಲಂತೂ ಆ ಹೆಸರು ಕೇಳಿದಾಗ ಅವಳಿಗೆ ಮೊದಲಿನಂತೆ ನಗು ಬರುತ್ತಿರಲಿಲ್ಲ. ಆ ಹುಡುಗ ಬೇರೊಬ್ಬಳ ಜೊತೆ ಓಡಾಡುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು, ಅವಳಿಗೊಬ್ಬಳಿಗೆ ಬಿಟ್ಟು. ಗೋಡೆಯ ಕೂದಲೆಳೆ ಬಿರುಕು ಕಾಣುವ ಕಣ್ಣಿಗೆ ಅದು ಕಂಡಿರಲಿಲ್ಲ!

ಅಂದಿನಿಂದ ಯಾರ ಮಾತನ್ನೂ ಸುಲಭಕ್ಕೆ ನಂಬುವುದಿಲ್ಲ ಅಂತ ತೀರ್ಮಾನ ಮಾಡಿಕೊಂಡಿದ್ದಳು.

ಈ ಸಲ ಅವಳ ಪಾಲಿಗೆ ಬಂದಿದ್ದು ಮಧ್ಯಯುಗದ ಒಂದು ಕೋಟೆ. ಸುತ್ತ ದಟ್ಟ ಕಾಡು. ಕಾಡಿನ ನಡುವೆ ಸುಣ್ಣಕಲ್ಲಿನ ಭಾರೀ ಬಂಡೆ, ಬಂಡೆಯ ಹೊಟ್ಟೆಯ ತುಂಬ ಗುಹೆಗಳು, ನೆತ್ತಿಯ ಮೇಲೆ ಕೋಟೆ. ಬಸ್ಸಿಳಿದ ಪ್ರವಾಸಿಗರು ಕಾಡಿನ ದಾರಿಯಲ್ಲಿ ಏದುಸಿರು ಬಿಡುತ್ತಾ ಹತ್ತಿ, ಗುಹೆಗಳಲ್ಲಿ ಕೂಗಿ ಮರುದನಿ ಕೇಳಿ, ಕೊನೆಗೆ ಬುರುಜಿನ ತುದಿಗೆ ಬರುತ್ತಿದ್ದರು. ಅಲ್ಲಿ ಸೀಸದ ಪಟ್ಟಿಗಳಲ್ಲಿ ಕೂರಿಸಿದ ಬಣ್ಣದ ಗಾಜಿನ ಕಿಟಕಿಗಳಿದ್ದವು. ಮುಖದ ಮೇಲೆ ಕೆಂಪು ನೀಲಿ ಬಿಸಿಲು ಬೀಳಿಸಿಕೊಂಡು ಫೋಟೋ ತೆಗೆಸಿಕೊಳ್ಳದೆ ಯಾರೂ ಇಳಿಯುತ್ತಿರಲಿಲ್ಲ.

ಆ ಕಿಟಕಿಗಳನ್ನು ನೋಡಿಕೊಳ್ಳುವವನೇ ಅವನು. ಎಲ್ಲರೂ ಕರೆಯುತ್ತಿದ್ದುದು 'ಗಾಜಿನವನು' ಅಂತ. ಅವನ ಅಪ್ಪನೂ, ತಾತನೂ ಅದೇ ಕೆಲಸ ಮಾಡಿದವರು. ಹೆತ್ತವರು ತೀರಿಹೋದ ಮೇಲೆ ಅವನನ್ನು ಸಾಕಿದವಳು ಅಪ್ಪನ ತಂಗಿ, ಅವನ ಅತ್ತೆ. ಕೋಟೆಯ ಕೋಣೆಗಳನ್ನು ಗುಡಿಸಿ ಒರೆಸಿ ಇಡುವುದು ಆ ಅತ್ತೆಯ ಕೆಲಸ. ಇಬ್ಬರ ವಾಸವೂ ಬುರುಜಿನ ಬುಡದ ಕೋಣೆಗಳಲ್ಲೇ.

ಕೋಟೆ ನೋಡಿಕೊಳ್ಳುವ ಟ್ರಸ್ಟಿನ ಆಫೀಸಿನಲ್ಲಿ ಎಲ್ಲರನ್ನೂ ಕೂರಿಸಿ ಅವಳು ವಿವರಿಸಿದಳು. ಮ್ಯಾನೇಜರ್ ಇದ್ದರು, ಟಿಕೆಟ್ ಕೊಡುವವರಿದ್ದರು, ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದ ಅವನೂ ಇದ್ದ.

"ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸ್ತೀನಿ. ಗಾಜು ಹಿಗ್ಗಲ್ಲ, ಬಗ್ಗಲ್ಲ. ಗೋಡೆ ಕೂದಲೆಳೆಯಷ್ಟು ಸರಿದರೂ ಪಟ್ ಅಂತ ಒಡೆಯುತ್ತೆ."

"ಒಡೆದರೆ?" ಅವನು ಕೇಳಿದ.

"ಬುರುಜು ಮುಚ್ಚಬೇಕು. ಕೆಳಗಿನ ಕೋಣೆಗಳೂ ಖಾಲಿ ಮಾಡಬೇಕು."

"ಒಡೆಯದಿದ್ದರೆ?"

"ಎಲೆ ಉದುರೋ ಕಾಲದವರೆಗೆ ನೋಡ್ತೀನಿ. ಒಡೆಯದಿದ್ದರೆ ನೀವು ಇದ್ದ ಹಾಗೇ ಇರಬಹುದು."

"ಅಂದ್ರೆ... ನಮ್ಮ ಮನೆ ನಿಂತಿರೋದು ನಿಮ್ಮ ಗಾಜಿನ ಮೇಲೆ ಅನ್ನಿ."

ಅವನು ನಕ್ಕ. ಅವಳು ನಗಲಿಲ್ಲ. 'ಇವನ್ಯಾಕೆ ಇಷ್ಟು ಕೆದಕಿ ಕೆದಕಿ ಕೇಳ್ತಿದ್ದಾನೆ?' ಅಂತ ಒಳಗೊಳಗೇ ಅನ್ನಿಸಿತು.

*

ಕೋಟೆಯ ಅತಿಥಿಗಳ ಕೋಣೆಯಲ್ಲೇ ಅವಳ ವಾಸ. ಬೆಳಗ್ಗೆ ಅತ್ತೆಯ ಅಡುಗೆಮನೆಯಲ್ಲಿ ಟೀ.

"ಕೂತ್ಕೊಳ್ಳಮ್ಮ, ಬಿಸಿ ಇರೋವಾಗ್ಲೇ ಕುಡಿ. ಪುಟ್ಟಾ, ಆ ಕುರ್ಚಿ ಎಳೆದು ಕೊಡೋ," ಅನ್ನುತ್ತಿದ್ದಳು ಅತ್ತೆ. ಆರಡಿಯ ಆ 'ಪುಟ್ಟ', ಮುಖ ಸಪ್ಪೆ ಮಾಡಿಕೊಂಡು ಕುರ್ಚಿ ಎಳೆದು ಕೊಡುತ್ತಿದ್ದ. "ನೀವಿಬ್ಬರೂ ಮಾತಾಡ್ತಿರಿ, ಜನ ಬರೋದರೊಳಗೆ ನಾನು ಮೇಲಿನ ಕೋಣೆ ಧೂಳು ಹೊಡೆದು ಬರ್ತೀನಿ," ಅಂತ ಪೊರಕೆ, ಬಟ್ಟೆ, ಚೀಲ ಹಿಡಿದು ಅತ್ತೆ ಮಾಯ.

ಮೊದಮೊದಲು ಇಬ್ಬರ ನಡುವೆ ಟೀ ಲೋಟದ ಸದ್ದು ಬಿಟ್ಟರೆ ಮಾತಿಲ್ಲ. ಆಮೇಲೆ ಒಂದೊಂದೇ ಮಾತು. ಹಳೇ ಗಾಜಿನಲ್ಲಿ ಗುಳ್ಳೆ ಯಾಕಿರುತ್ತೆ, ಬಿರುಕು ಯಾವಾಗಲೂ ಕಿಟಕಿಯ ಮೂಲೆಯಿಂದಲೇ ಯಾಕೆ ಹೊರಡುತ್ತೆ... ಟೀ ಆರಿಹೋಗುತ್ತಿದ್ದುದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಟೀ ಮುಗಿಸಿ ಅವಳು ಬುರುಜು ಹತ್ತಿ, ಏಣಿ ಏರದೆ ಗೋಡೆಯ ಕೆಳಗೆ ನಿಂತೇ ಟಾರ್ಚು ಬಿಟ್ಟು ಗಾಜಿನ ಪಟ್ಟಿಗಳನ್ನು ನೋಡುವಳು. ಒಂದೂ ಒಡೆದಿರುತ್ತಿರಲಿಲ್ಲ. 'ಸದ್ಯ!' ಅಂತ ಉಸಿರು ಬಿಡುವಳು. ಆಮೇಲೆ ತನ್ನ ಮೇಲೇ ಸಿಟ್ಟು. ಕಟ್ಟಡ ನಿಂತರೇನು ಬಿದ್ದರೇನು, ಇದ್ದದ್ದು ಇದ್ದ ಹಾಗೆ ಬರೆಯುವವಳು ತಾನು. 'ಸದ್ಯ' ಅನ್ನಲು ತನಗೇನಾಗಿದೆ?

ಅವಳಿಗೆ ಏನಾಗಿದೆ ಅಂತ ಓದುತ್ತಿರುವ ನಿಮಗೆ ಗೊತ್ತು. ಅವಳಿಗೆ ಗೊತ್ತಾಗಬೇಕಿತ್ತು ಅಷ್ಟೆ!

ಅಕ್ಕನಿಗೆ ಮಾತ್ರ ಫೋನಿನಲ್ಲೇ ವಾಸನೆ ಬಡಿಯಿತು.

"ಏನೇ, ಮಾತು ಮಾತಿಗೂ ಗಾಜಿನವನು ಗಾಜಿನವನು ಅಂತೀಯಲ್ಲ! ಯಾರೇ ಅವನು?"

"ಯಾರೂ ಇಲ್ಲ ಕಣೇ. ಸಿಡುಕ. ಈಗ ಸ್ವಲ್ಪ ಪರವಾಗಿಲ್ಲ."

"ಬುರುಜು ಮುಚ್ಚಿದರೆ ಮನೆ ಹೋಗೋದು ಯಾರದು?"

"...ಅವನದ್ದೇ."

"ಮುಚ್ಚಬೇಕಾ ಬೇಡ್ವಾ ಅಂತ ಬರೆಯೋಳು?"

"ನಾನೇ."

"ಮತ್ತೆ? ಸಿಡುಕ ಯಾಕೆ ಸಿಹಿಯಾದ ಅಂತ ಬಿಡಿಸಿ ಹೇಳಬೇಕೇನೇ ನಿನಗೆ? ಒಂದು ಸಲ ಕೈ ಸುಟ್ಟುಕೊಂಡಿದ್ದೀಯ. ಹುಷಾರು!"

ಫೋನಿಟ್ಟ ಮೇಲೂ ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಮನಸ್ಸಿಗೆ ಒಮ್ಮೆ ಅನುಮಾನ ಹೊಕ್ಕರೆ ಮುಗಿಯಿತು. ಅವಳು ಅವನನ್ನು ಗಮನಿಸತೊಡಗಿದಳು. ಗಮನಿಸಿದರೆ... ಅವನು ಸಂಜೆ ಹೊತ್ತು ಬುರುಜಿನ ಮೆಟ್ಟಿಲ ಬಳಿ ಸುಮ್ಮನೆ ನಿಂತಿರುತ್ತಿದ್ದ! ಕೆಲಸ ಮುಗಿದಿದ್ದರೂ ಅಲ್ಲೇ ಸುಳಿದಾಟ. ಅವಳನ್ನು ಕಂಡರೆ ಕೈಯಲ್ಲಿದ್ದ ಬಟ್ಟೆಯಿಂದ ಇಲ್ಲದ ಧೂಳು ಒರೆಸುವ ನಾಟಕ.

"ಇನ್ನೂ ಇಲ್ಲೇ ಇದ್ದೀರಾ?"

"ಹೂಂ... ಕಿಟಕಿ ನೋಡ್ತಿದ್ದೆ."

"ಕಿಟಕಿ ಮೇಲಿದೆ. ನೀವು ಮೆಟ್ಟಿಲ ಹತ್ತಿರ ಇದ್ದೀರಿ."

"ನೀವೂ ಇಲ್ಲೇ ಇದ್ದೀರಲ್ಲ ಮೇಡಂ?"

'ನಿನ್ನನ್ನ ಕಾಯ್ತಿದ್ದೀನಿ' ಅಂತ ಅವಳು ಹೇಳಲಾದೀತೇ?

ಒಂದು ಮಧ್ಯಾಹ್ನ ಅವಳು ಬುರುಜಿನ ನೇರ ಕೆಳಗಿರುವ ಗುಹೆಗೆ ಇಳಿದಳು. ಟಾರ್ಚಿನ ಬೆಳಕಿನಲ್ಲಿ ಒದ್ದೆ ಬಂಡೆ ಮಿರಮಿರ ಮಿನುಗುತ್ತಿತ್ತು. ಚಾವಣಿಯಿಂದ ನೀರು ತೊಟ್ಟಿಕ್ಕುವ ಸದ್ದು. ಅದರ ನಡುವೆ ಇನ್ನೊಂದು ಸದ್ದು... ಹೆಜ್ಜೆ!

"ಯಾರು?"

ಅವಳು ತಟ್ಟನೆ ಬೆಳಕು ತಿರುಗಿಸಿದಳು. ಅವನೇ!

"ನನ್ನ ಹಿಂದೆ ಯಾಕೆ ಬಂದ್ರಿ?"

"ಗುಹೆಗೆ ಒಬ್ಬರೇ ಇಳಿಯಬಾರದು. ಕಾಲು ಜಾರಿದರೆ ಕೂಗಿದರೂ ಕೇಳಿಸಲ್ಲ."

"ಕರೆದು ಹೇಳಬಹುದಿತ್ತಲ್ಲ? ಕಳ್ಳಹೆಜ್ಜೆ ಯಾಕೆ?"

ಅವನು ನೆಲ ನೋಡಿದ. ಸುಳ್ಳು ಹೇಳುವವರ ಲಕ್ಷಣ ಅದು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೋಪದಲ್ಲಿ ಬಿರಬಿರನೆ ಹೊರಟವಳ ಕಾಲು ಪಾಚಿಯ ಮೇಲೆ ಜಾರಿತು! ಬೀಳುವ ಮೊದಲೇ ಅವನ ಕೈ ಅವಳ ಮಣಿಕಟ್ಟನ್ನು ಹಿಡಿದಾಗಿತ್ತು. ಒರಟು ಕೈ. ಗಾಜು ಕೊಯ್ದ ಹಳೆಯ ಗೆರೆಗಳು. ಆದರೂ ಅದೆಷ್ಟು ಜೋಪಾನವಾಗಿ ಹಿಡಿದಿತ್ತು!

ಹೊರಗಿನ ಬಿಸಿಲಿಗೆ ಬರುವವರೆಗೂ ಅವನು ಆ ಕೈ ಬಿಡಲಿಲ್ಲ. ಬಿಡಿ ಅಂತ ಅವಳೂ ಹೇಳಲಿಲ್ಲ.

'ದೇವರೇ, ಇವನು ಒಳ್ಳೆಯವನೇ ಆಗಿರಲಿ...' ಅಂತ ಅವಳ ಮನಸ್ಸು ಬೇಡಿಕೊಂಡಿತು.

ಮರುದಿನ ಅಡುಗೆಮನೆಯಲ್ಲಿ, ಮೈಮರೆತು, "ಅತ್ತೆ, ಇನ್ನು ಸ್ವಲ್ಪ ಟೀ ಕೊಡ್ತೀರಾ?" ಅಂದುಬಿಟ್ಟಳು. ಅವನು ಕರೆಯುವುದನ್ನು ದಿನಾ ಕೇಳಿ ಕೇಳಿ ನಾಲಿಗೆಗೆ ಬಂದಿದ್ದು!

ಅತ್ತೆ ಎಡಗೈಯಲ್ಲಿ ಸೌಟು ಹಿಡಿದು ತಿರುಗಿದಳು. "ಏನಂದೆ ಮಗಳೇ? ಇನ್ನೊಂದ್ಸಲ ಅನ್ನು!"

ಅವನಿಗೆ ಟೀ ನೆತ್ತಿಗೇರಿ ಕೆಮ್ಮೋ ಕೆಮ್ಮು. ಅವಳ ಕಿವಿ ಕೆಂಪಾಯಿತು. ಅತ್ತೆ ಮಾತ್ರ ಅವತ್ತೆಲ್ಲ ಹಾಡು ಗುನುಗುತ್ತಲೇ ಧೂಳು ಹೊಡೆದಳು.

*

ಕಾಡಿನಲ್ಲಿ ಎಲೆ ಉದುರತೊಡಗಿತು. ಒಂದು ಪಟ್ಟಿಯೂ ಒಡೆದಿರಲಿಲ್ಲ.

ಅವಳು ಅಂದು ಬೆಳಗ್ಗೆ ಹಗುರಾಗಿ ಮೆಟ್ಟಿಲೇರಿದಳು. ಕೊನೆಯ ಸಲ ಏಣಿ ಹತ್ತಿ ಹತ್ತಿರದಿಂದ ನೋಡುವುದು, 'ಬುರುಜು ಭದ್ರ' ಅಂತ ಬರೆಯುವುದು. ಆಮೇಲೆ ಇನ್ನೊಂದು ಲೋಟ ಟೀ ಕುಡಿಯುತ್ತಾ ಅವನಿಗೆ ಹೇಳುವುದು! ಅವನ ಮುಖ ಹೇಗಾಗಬಹುದು ಅಂತ ನೆನೆದೇ ಅವಳಿಗೆ ನಗು ಬಂತು.

ಏಣಿ ಹತ್ತಿ ಗಾಜಿನ ಮೇಲೆ ಬೆರಳಿಟ್ಟಳು.

ಅಂಟು ಮೆತ್ತಗಿತ್ತು.

ಅವಳು ಅಂಟಿಸಿ ತಿಂಗಳುಗಳೇ ಆಗಿದ್ದವು. ಕಲ್ಲಾಗಿರಬೇಕಿದ್ದ ಅಂಟು ಉಗುರು ಒತ್ತಿದರೆ ಒಳಗೆ ಹೋಗುತ್ತಿತ್ತು!

ಟಾರ್ಚು ಹತ್ತಿರ ಹಿಡಿದಳು. ಅವಳು ಪಟ್ಟಿಯ ಎರಡು ತುದಿಗೆ ಎರಡು ಉಂಡೆ ಅಂಟು ಮೆತ್ತುವವಳು, ಅಷ್ಟೆ. ಇಲ್ಲಿ ಗಾಜಿನ ಸುತ್ತಲೂ ಅಂಟನ್ನು ಒತ್ತಿ, ಅಂಚನ್ನು ಓರೆಯಾಗಿ ನಯವಾಗಿ ಸವರಿದ್ದರು. ಕಿಟಕಿಗೆ ಗಾಜು ಕೂರಿಸುವವರು ಮಳೆ ನೀರು ಜಾರಲಿ ಅಂತ ಪುಟ್ಟಿ ಸವರುತ್ತಾರಲ್ಲ, ಥೇಟ್ ಹಾಗೆ.

ಮಳೆಯೇ ಬೀಳದ ಒಳಗೋಡೆಯ ಮೇಲೆ ಗಾಜಿನ ಕೆಲಸದವರ ಕೈ!

ಪಟ್ಟಿಯನ್ನು ಕಿತ್ತಳು. ಅದರಡಿ ಹಳೆಯ ಅಂಟಿನ ಗುರುತು, ಅದರಡಿ ಇನ್ನೂ ಹಳೆಯದು. ಪಕ್ಕದ ಪಟ್ಟಿಯೂ ಹಾಗೇ. ಅದರಾಚೆಯದೂ ಹಾಗೇ. ಗಾಜು ಒಡೆದಿದೆ... ಮತ್ತೆ ಮತ್ತೆ ಒಡೆದಿದೆ... ಯಾರೋ ಬದಲಾಯಿಸುತ್ತಲೇ ಬಂದಿದ್ದಾರೆ!

ಬುರುಜು ಸರಿಯುತ್ತಿದೆ. ಮೇಲಿನ ಕೋಣೆಯಲ್ಲಿ ಆಗಲೇ ಜನರ ನಗು, ಕ್ಯಾಮೆರಾ ಕ್ಲಿಕ್ಕು!

"ಇಳೀರಿ! ಎಲ್ಲರೂ ಇಳೀರಿ ಕೆಳಗೆ!"

ಅವಳ ಕೂಗಿಗೆ ಮೊದಲು ಓಡಿ ಬಂದವನು ಅವನೇ. ಯಾಕೆ ಅಂತ ಕೇಳಲಿಲ್ಲ. ಅವಳ ಮುಖ ನೋಡಿದವನೇ ಮೇಲಕ್ಕೆ ಓಡಿದ. "ಇನ್ನೊಂದೇ ಫೋಟೋ" ಅಂತ ಹಟ ಹಿಡಿದ ದಂಪತಿಯನ್ನು ಗದರಿದ, ಮಂಡಿನೋವಿನ ಅಜ್ಜಿಯೊಬ್ಬರನ್ನು ಎತ್ತಿಕೊಂಡೇ ಇಳಿಸಿದ. ಎಲ್ಲರೂ ಅಂಗಳಕ್ಕೆ ಬಂದ ಮೇಲೆ ಅವಳು ಬುರುಜಿನ ಬಾಗಿಲಿಗೆ ಬೀಗ ಹಾಕಿದಳು.

"ಏನಾಯ್ತು?" ಅವನು ಏದುಸಿರು ಬಿಡುತ್ತಿದ್ದ.

ಅವಳು ಕಿತ್ತು ತಂದಿದ್ದ ಪಟ್ಟಿಯನ್ನು ಅವನ ಅಂಗೈಯಲ್ಲಿಟ್ಟಳು.

"ನೀವೇ ಹೇಳಿ."

"ಇದು ನಿಮ್ಮ ಗಾಜು..."

"ನನ್ನ ಗಾಜು ಎಂದೋ ಒಡೆದುಹೋಗಿದೆ! ಇದು ಯಾರ ಗಾಜು? ಯಾರ ಕೈಕೆಲಸ ಇದು? ಈ ಕೋಟೆಯಲ್ಲಿ ಗಾಜು ಕೊಯ್ದು ಹೀಗೆ ಅಂಚು ಸವರೋಕೆ ಬರೋದು ಯಾರಿಗೆ?"

ಅವನ ಮುಖ ಕೆಂಪಾಯಿತು. "ನನ್ನನ್ನ... ನನ್ನನ್ನ ಅನುಮಾನಿಸ್ತಿದ್ದೀರಾ?"

"ಸಂಜೆಯೆಲ್ಲ ಮೆಟ್ಟಿಲ ಹತ್ತಿರ ಯಾಕೆ ನಿಲ್ತಿದ್ರಿ?"

"ನಿಮ್ಮನ್ನ ಕಾಯೋಕೆ! ಮುಚ್ಚಿಸೋದು ಅಂತ ಮೊದಲೇ ತೀರ್ಮಾನ ಆಗಿದೆ, ಎಂಜಿನಿಯರ್ ಬರೋದು ನೆಪಕ್ಕೆ ಅಂತ ಎಲ್ಲರೂ ಅಂತಿದ್ರು. ನೀವೇ ಗಾಜು ಒಡೆದುಬಿಡ್ತೀರೇನೋ ಅಂತ... ಗುಹೆಗೆ ಬಂದಿದ್ದೂ ಅದಕ್ಕೇ. ಮೊದಲು ಹಾಗೇ ಅಂದುಕೊಂಡಿದ್ದೆ. ಆಮೇಲೆ..."

"ಆಮೇಲೆ?"

ಅವನ ಹೆಬ್ಬೆರಳು ತಾನಾಗಿಯೇ ಪಟ್ಟಿಯ ಅಂಚನ್ನು ಸವರುತ್ತಿತ್ತು. ಒಮ್ಮೆ ಸವರಿತು. ಇನ್ನೊಮ್ಮೆ ಸವರಿತು. ನೋಡನೋಡುತ್ತಿದ್ದಂತೆ ಅವನ ಮುಖ ಬಿಳಿಚಿಕೊಂಡಿತು.

ಪಟ್ಟಿಯಿಂದ ಕಣ್ಣೆತ್ತದೆ ಹೇಳಿದ.

"ನಾನೇ."

"ಏನು?"

"ನಾನೇ ಬದಲಾಯಿಸಿದ್ದು. ಮನೆ ಹೋಗುತ್ತೆ ಅಂತ. ಬರ್ಕೊಳ್ಳಿ."

ಅವಳಿಗೆ ಕಾಲ ಕೆಳಗಿನ ನೆಲವೇ ಸರಿದಂತಾಯಿತು. ಇಲ್ಲ ಅನ್ನಬಾರದಿತ್ತೇ ಇವನು? ಜಗಳವಾಡಬಾರದಿತ್ತೇ?

"ಮೇಲೆ ಜನ ಇದ್ರು... ಆ ಅಜ್ಜಿ ಇದ್ರು... ದಿನಾ ನಾನೂ ಇದ್ದೆ! ಅದೂ ಯೋಚನೆ ಬರಲಿಲ್ವಾ ನಿಮಗೆ?"

ಅವನು ಗಾಜಿನ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಅಂಗಳದಾಚೆಯ ತನ್ನ ಕೆಲಸದ ಕೋಣೆಗೆ ಹೊರಟುಹೋದ.

*

ಕೋಣೆಯಲ್ಲಿ ಬಟ್ಟೆ ತುಂಬುತ್ತಿದ್ದವಳ ಕಣ್ಣು ಮಂಜಾಗುತ್ತಲೇ ಇತ್ತು. ಅಕ್ಕ ಹೇಳಿದ್ದು ನಿಜವಾಯಿತಲ್ಲ! ಟೀ, ಮಾತು, ಕೈ ಹಿಡಿದಿದ್ದು... ಎಲ್ಲ ಇದಕ್ಕಾಗಿಯೇ?

ಫೋನು ಬಡಿದುಕೊಂಡಿತು. ಆಫೀಸಿನ ಸಾಹೇಬರು.

"ಮುಚ್ಚಿಸಿದ್ದು ಒಳ್ಳೇದಾಯ್ತು. ಬದಲಾಯಿಸಿದವನು ಯಾರು? ಹೆಸರು ಬರೆದು ಸಂಜೆಯೊಳಗೆ ಕಳಿಸು. ಪೊಲೀಸರಿಗೆ ಕೊಡೋಣ. ಇಂಥವನು ಇನ್ಮೇಲೆ ಯಾವ ಹಳೇ ಕಟ್ಟಡದ ಹತ್ತಿರವೂ ಸುಳಿಯಬಾರದು."

"ಆಯ್ತು ಸರ್," ಅಂದಳು. ಅಂದಳಷ್ಟೆ. ಬರೆಯಲು ಕೂತರೆ ಕೈ ಮುಂದಕ್ಕೆ ಹೋಗಲಿಲ್ಲ.

ತಪ್ಪಿತಸ್ಥನಾಗಿದ್ದರೆ ಪಟ್ಟಿ ಕೈಗೆ ಸಿಕ್ಕ ಕೂಡಲೇ ಬಿಳಿಚಿಕೊಳ್ಳಬೇಕಿತ್ತು. ಅವನು ಮೊದಲು ಕೆಂಪಾದ. ಕಾಯುತ್ತಿದ್ದೆ ಅಂತ ಜಗಳಕ್ಕೇ ಬಂದ. ಬಿಳಿಚಿಕೊಂಡಿದ್ದು ಅಂಚು ಸವರಿದ ಮೇಲೆ. ಯಾಕೆ?

ಅವಳು ಎದ್ದಳು. ಕಣ್ಣೊರೆಸಿಕೊಂಡಳು. ಒಂದು ಸಲ ಕಣ್ಣುಮುಚ್ಚಿ ನಂಬಿ ಕೆಟ್ಟಿದ್ದಳು, ನಿಜ. ಈ ಸಲ ಕಣ್ಣುಮುಚ್ಚಿ ಅನುಮಾನಿಸಿ ಕೆಡುವುದು ಬೇಡ ಅನ್ನಿಸಿತು.

ಅವನ ಕೆಲಸದ ಕೋಣೆಯಲ್ಲಿ ಮೇಜಿನ ಮೇಲೆ ಗಾಜು ಕೊಯ್ಯುವ ಕಟರ್, ಸೀಸದ ಸುರುಳಿಗಳು. ಅವನು ಸುಮ್ಮನೆ ಕೂತಿದ್ದ. ಅವಳು ಒಂದು ಗಾಜಿನ ತುಂಡನ್ನೂ ಅಂಟಿನ ಡಬ್ಬಿಯನ್ನೂ ಅವನ ಮುಂದೆ ಸರಿಸಿದಳು.

"ಅಂಟಿಸಿ ತೋರಿಸಿ."

"ಏನು?"

"ಹೇಗೆ ಬದಲಾಯಿಸಿದ್ರಿ ಅಂತ ನೋಡಬೇಕು. ಈ ಗೋಡೆ ಮೇಲೇ ಅಂಟಿಸಿ."

"ಬೇಡ ಮೇಡಂ. ಹೆಸರು ಬರೆದು ಕಳಿಸಿ, ಮುಗಿಸಿಬಿಡಿ."

"ಅಂಟಿಸಿ!"

ಅವನು ಎದ್ದು ಪಟ್ಟಿ ಕೊಯ್ದ. ಗೋಡೆಗೆ ಒತ್ತಿದ. ಕೈ ತಾನಾಗಿಯೇ ಮೇಜಿನ ಮೇಲಿದ್ದ ಪುಟ್ಟಿ ಚಾಕುವಿಗೆ ಹೋಯಿತು. ತಟ್ಟನೆ ನೆನಪಾದವನಂತೆ ಚಾಕು ಬಿಟ್ಟು ಹೆಬ್ಬೆರಳಿನಿಂದ ಸವರಿದ. ಅವಳು ಹತ್ತಿರ ಬಂದು ನೋಡಿದಳು. ಅಂಚು ಒರಟೊರಟಾಗಿತ್ತು. ಓರೆ ಬಲಕ್ಕೆ ಎಳೆದಿತ್ತು. ಬುರುಜಿನ ಪಟ್ಟಿಗಳಲ್ಲಿ ಎಲ್ಲವೂ ಎಡಕ್ಕೆ.

"ಬುರುಜಿನದು ನಿಮ್ಮ ಕೈಕೆಲಸ ಅಲ್ಲ," ಅವಳು ಅಂದಳು. "ನೀವು ಚಾಕುವಿನಲ್ಲಿ ಸವರೋರು. ಅದು ಎಡಗೈ ಹೆಬ್ಬೆರಳಿನದು. ಯಾರನ್ನ ಉಳಿಸೋಕೆ ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ?"

"ದಯವಿಟ್ಟು... ಕೇಳಬೇಡಿ."

ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಎರಡು ಲೋಟ ಟೀ ಹಿಡಿದು ಒಳಬಂದ ಅತ್ತೆ ಗೋಡೆಯ ಮೇಲಿನ ಪಟ್ಟಿ ಕಂಡಿದ್ದೇ ತಡ, ಹುಬ್ಬು ಗಂಟಿಕ್ಕಿದಳು.

"ಅಯ್ಯೋ ರಾಮ! ಮತ್ತೆ ಒಡೀತಾ?"

ಇಬ್ಬರೂ ಅತ್ತೆಯತ್ತ ತಿರುಗಿದರು.

"ಎಲ್ಲಿಂದ ತರ್ತೀಯಮ್ಮ ಆ ಗಾಜನ್ನ? ಒಂದೂ ತಡೆಯಲ್ಲ! ಗುಹೆ ಕಡೆ ಗೋಡೆಯಲ್ಲಂತೂ ಎಷ್ಟು ಸಲ ಹಾಕಿದೀನಿ ಅಂತ ಲೆಕ್ಕ ಇಲ್ಲ. ನಾವು ಗಾಜಿನ ಮನೆಯವರು. ಒಡಕು ಗಾಜು ಕಂಡ ಮೇಲೆ ಅದನ್ನ ಹಾಗೇ ಬಿಟ್ಟು ಬರೋಕೆ ಕೈ ಕೇಳಲ್ಲ ನಂಗೆ. ನಮ್ಮಪ್ಪ ಇದ್ದಿದ್ರೆ ಒಡಕು ಗಾಜು ಬಿಟ್ಟು ಊಟಕ್ಕೆ ಕೂತೋರಿಗೆ ತಟ್ಟೆ ಎಳೀತಿದ್ರು. ನೀವಿಬ್ಬರೂ ಟೀ ಇಟ್ಕೊಂಡು ಒಬ್ಬರ ಮುಖ ಒಬ್ಬರು ನೋಡ್ತಾ ಕೂತಿರ್ತೀರಲ್ಲ, ಆ ಹೊತ್ತಿಗೆ ಹಾಕಿ ಬರ್ತಿದ್ದೆ. ಪಾಪ, ದೂರದಿಂದ ಬಂದ ಹುಡುಗಿ, ಏಣಿ ಹತ್ತಿ ಇಳಿದು ಸುಸ್ತಾಗುತ್ತಾಳೆ ಅಂತ..."

ಕೇಳುತ್ತಿದ್ದವಳು ಹಾಗೇ ಕುರ್ಚಿಯಲ್ಲಿ ಕುಸಿದಳು. ನಗುವೋ ಅಳುವೋ ತಿಳಿಯದು! ಎರಡೂ ಒಟ್ಟಿಗೇ ಬಂದವು.

ಇಬ್ಬರು ಒಬ್ಬರನ್ನೊಬ್ಬರು ಕಾಯುತ್ತಾ ಕೂತಿದ್ದಾಗ, ಇಬ್ಬರ ಮುಂದಿನಿಂದಲೇ ಅತ್ತೆ ಪೊರಕೆ ಹಿಡಿದು ಹೋಗಿ ಬಂದಿದ್ದಳು.

"ಅತ್ತೆ," ಅವನು ಮೆಲ್ಲಗೆ ಹೇಳಿದ, "ಆ ಗಾಜು ಒಡೀಲಿ ಅಂತಲೇ ಹಾಕಿದ್ದು. ಒಡೆದರೆ ಬುರುಜು ಸರೀತಿದೆ ಅಂತ ಅರ್ಥ."

ಅತ್ತೆ ಲೋಟಗಳನ್ನು ಮೇಜಿನ ಮೇಲಿಟ್ಟಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಮುಖ ನೋಡಲಾಗಲಿಲ್ಲ.

"ಅಂದ್ರೆ... ಜನ ಮೇಲಿದ್ದಾಗ... ನನ್ನಿಂದ..." ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. "ಪೊಲೀಸರನ್ನ ಕರಿಯಮ್ಮ. ನನ್ನ ಹೆಸರೇ ಹೇಳು. ಇವನದು ಬೇಡ."

ಕುರ್ಚಿಯಲ್ಲಿ ಕುಸಿದಿದ್ದವಳು ಎದ್ದು ಅತ್ತೆಯ ಬಳಿ ಬಂದಳು. ಆ ಮುದಿ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ತಪ್ಪು ನನ್ನದು ಅತ್ತೆ. ಮ್ಯಾನೇಜರ್‌ಗೆ ಹೇಳಿದೆ, ಟಿಕೆಟ್ ಕೊಡೋರಿಗೆ ಹೇಳಿದೆ. ದಿನಾ ಆ ಗೋಡೆ ಒರೆಸೋ ನಿಮಗೆ ಮಾತ್ರ ಹೇಳಲಿಲ್ಲ. ನೀವು ಕೊಟ್ಟ ಟೀ ಕುಡಿದೆ, ಒಂದು ಮಾತು ಹೇಳಲಿಲ್ಲ. ದಿನಾ ಏಣಿ ಹತ್ತಿ ನೋಡಬೇಕಿತ್ತು, ಕೆಳಗೇ ನಿಂತು ನೋಡಿ ಖುಷಿಪಟ್ಟೆ."

ಸಂಜೆ ಅವಳು ವರದಿಯಲ್ಲಿ ಅದನ್ನೇ ಬರೆದಳು. ಸಾಹೇಬರು ಫೋನಿನಲ್ಲಿ ಹಿಗ್ಗಾಮುಗ್ಗಾ ಬೈದರು. ಅವಳಿಗೆ ಕೊಡಬೇಕಿದ್ದ ದೊಡ್ಡ ಕೆಲಸ ಬೇರೆಯವರ ಪಾಲಾಯಿತು. ಅವಳು ಬೇಜಾರು ಮಾಡಿಕೊಂಡಳು, ಆದರೆ ಒಂದಕ್ಷರವನ್ನೂ ತಿದ್ದಲಿಲ್ಲ.

*

ಗುಹೆಯೊಳಗೆ ಉಕ್ಕಿನ ಕಂಬಗಳ ಆಸರೆ ಬಂತು. ಬುರುಜಿನ ದುರಸ್ತಿ ಮುಗಿಯಲು ವರ್ಷಗಳೇ ಬೇಕು. ಅತ್ತೆಯನ್ನು ಕಾಡಿನಾಚೆಯ ಪೇಟೆಯ ಬಾಡಿಗೆ ಮನೆಗೆ ಸೇರಿಸಿದ್ದಾಯಿತು. "ಇಲ್ಲಿನ ಕಿಟಕಿಗಳಿಗೆ ಗಾಜೇ ಸರಿಯಿಲ್ಲ" ಅಂತ ಅತ್ತೆ ಮೊದಲ ದಿನವೇ ಮನೆಯೊಡೆಯನ ಮೇಲೆ ಹರಿಹಾಯ್ದಳಂತೆ. ಅಂದರೆ, ಚೇತರಿಸಿಕೊಂಡಳು ಅಂತಲೇ ಲೆಕ್ಕ!

ಬುರುಜಿನಲ್ಲಿ ಉಳಿದಿದ್ದು ಬಣ್ಣದ ಕಿಟಕಿಗಳು. ಗೋಡೆ ಬಿಚ್ಚುವ ಮೊದಲು ಅವನ್ನು ಇಳಿಸಬೇಕಿತ್ತು. ಅವಳ ಕೆಲಸ ಅಲ್ಲಿ ಮುಗಿದಿತ್ತು, ಮರುದಿನ ಹೊರಡಬೇಕು. ಆದರೂ ತಲೆಗೆ ಹೆಲ್ಮೆಟ್ ಹಾಕಿಕೊಂಡು ಅವನ ಜೊತೆ ನಿಂತಳು.

ಅಂದಿನಿಂದ ಅವನು ಸರಿಯಾಗಿ ಮಾತಾಡಿರಲಿಲ್ಲ. ಅವಳಿಗೂ ಮಾತು ಬರುತ್ತಿರಲಿಲ್ಲ. ಮುಖದ ಮೇಲೇ ಆರೋಪ ಹೊರಿಸಿದ ಮೇಲೆ, ಏನು ಅಂತ ಮಾತಾಡುವುದು?

ಕೊನೆಯ ದೊಡ್ಡ ಕಿಟಕಿ ಚೌಕಟ್ಟಿನಿಂದ ಬಿಟ್ಟುಕೊಂಡಿತು. ಆ ತುದಿಯನ್ನು ಅವನು, ಈ ತುದಿಯನ್ನು ಅವಳು ಹಿಡಿದರು. ನಡುವೆ ನಿಂತಿದ್ದ ಕೆಂಪು, ನೀಲಿ, ಜೇನುಬಣ್ಣದ ಗಾಜಿನಾಚೆ ಅವನ ಮುಖ.

"ನಿಧಾನ," ಅವಳು ಅಂದಳು.

ಅವನು ಕದಲಲಿಲ್ಲ.

"ಯಾಕೆ ನಿಂತ್ರಿ? ಕೆಳಗಿಡೋಣ."

"ಈಗ ನೀವು ಕೈ ಬಿಡೋ ಹಾಗಿಲ್ಲ ಅಲ್ವಾ?"

"ಬಿಟ್ಟರೆ ಒಡೆಯುತ್ತೆ! ಏನು ಪ್ರಶ್ನೆ ಇದು?"

"ಅದಕ್ಕೇ ಈಗ ಹೇಳ್ತಿದ್ದೀನಿ. ಬಿಟ್ಟು ಓಡೋಕಾಗಲ್ಲ ನಿಮಗೆ." ಅವನು ಕಿಟಕಿಯ ಹಿಡಿತ ಬಿಗಿ ಮಾಡಿದ. "ಅವತ್ತು 'ಆಮೇಲೆ?' ಅಂತ ಕೇಳಿದ್ರಿ. ಆಮೇಲೆ ಅನುಮಾನ ಎಲ್ಲ ಹೋಗಿಬಿಡ್ತು. ಆದರೂ ಸಂಜೆ ಮೆಟ್ಟಿಲ ಹತ್ತಿರ ನಿಲ್ತಿದ್ದೆ. ನೀವು ಬರ್ತೀರಿ ಅಂತ... ನೋಡೋಕೆ."

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲೂ ಕೈ ಬಿಡುವಂತಿಲ್ಲ!

"ನಾನು ನಿಮ್ಮನ್ನ ಏನೇನೋ ಅಂದೆ..."

"ಅಂದ ಮೇಲೆ ವಾಪಸ್ ಬಂದು, ಅಂಟಿಸಿ ತೋರಿಸಿ ಅಂದ್ರಲ್ಲ. ನಾನೇ ಒಪ್ಕೊಂಡಿದ್ದೆ. ಆದರೂ ನೀವು ಒಪ್ಪಲಿಲ್ಲ."

"ಮನಸ್ಸು ಒಪ್ಪಲಿಲ್ಲ," ಅವಳ ದನಿ ಸಣ್ಣಗಾಯಿತು. "ನೀವಂದ್ರೆ ಇಷ್ಟ. ಅದಕ್ಕೇ ಒಪ್ಪಲಿಲ್ಲ."

ಗಾಜಿನಾಚೆಯ ಮುಖದಲ್ಲಿ ಮೆಲ್ಲಗೆ ನಗು ಹರಡಿತು.

"ಹಾಗಾದ್ರೆ ಕೇಳೇ ಬಿಡ್ತೀನಿ. ನನ್ನನ್ನ ಮದುವೆ ಆಗ್ತೀರಾ?"

"ಈ ಭಾರ ಹೊತ್ಕೊಂಡು ಕೇಳೋ ಪ್ರಶ್ನೆನಾ ಇದು? ನನ್ನ ಕೈ ಬಿದ್ದುಹೋಗ್ತಿದೆ!"

"ಉತ್ತರ ಕೊಟ್ಟರೆ ಕೆಳಗಿಡ್ತೀನಿ."

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ! ಈಗ ಇದನ್ನ ಕೆಳಗಿಡು ಮಾರಾಯ, ನಿನ್ನ ಮುಖ ನೀಲಿ ಕಾಣ್ತಿದೆ. ಸರಿಯಾಗಿ ನೋಡಬೇಕು ನಂಗೆ."